ಬಯಲು ಉಳಿಸಲು ಒಂದು ಮತ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಲಾಸ್ ಏಂಜಲೀಸ್ ಬಿಟ್ಟು ಕಡಲ ಬದಿಯಲ್ಲೇ ಪಶ್ಚಿಮಕ್ಕೆ ಹೊರಟರೆ ವೆಂಚುರಾ ಕೌಂಟಿ ಸಿಗುತ್ತದೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಅಲ್ಲಿ ಒಂದು ಊರು ಮುಗಿದು ಇನ್ನೊಂದು ಊರು ಶುರುವಾಗುವ ನಡುವೆ ನಿಂಬೆ ತೋಟ, ಸ್ಟ್ರಾಬೆರಿ ಹೊಲ, ಬೆಣ್ಣೆಹಣ್ಣಿನ ಗುಡ್ಡ ಇನ್ನೂ ಕಣ್ಣಿಗೆ ಬೀಳುತ್ತವೆ. ಪಕ್ಕದ ಲಾಸ್ ಏಂಜಲೀಸ್‌ನ ಕಿತ್ತಳೆ ತೋಟಗಳು ಬಡಾವಣೆಗಳಾಗಿ ಎಷ್ಟೋ ಕಾಲವಾಯಿತು. ವೆಂಚುರಾದ ಬಯಲು ಉಳಿದದ್ದಕ್ಕೆ ಒಂದು ದೊಡ್ಡ ಕಾರಣ ಮತಪತ್ರ. 1995ರಲ್ಲಿ ವೆಂಚುರಾ ನಗರದವರು, 1998ರಲ್ಲಿ ಇಡೀ ಕೌಂಟಿಯವರು, ಬೇಸಾಯದ ಭೂಮಿಯನ್ನು ಬೇರೆ ಬಳಕೆಗೆ ಬದಲಿಸಬೇಕಾದರೆ ನಮ್ಮನ್ನು ಕೇಳಿ ಎಂದು ಮತ ಹಾಕಿ ಕಾನೂನು ಮಾಡಿಕೊಂಡರು. 2016ರಲ್ಲಿ ಮತ್ತೆ ಮತ ಹಾಕಿ ಅದರ ಅವಧಿಯನ್ನು 2050ರವರೆಗೆ ಮುಂದುವರಿಸಿದರು.

ಕ್ಯಾಲಿಫೋರ್ನಿಯಾದ ಜನರಿಗೆ ಈ ಅಧಿಕಾರ ಬಂದದ್ದು 1911ರಲ್ಲಿ, ಹೈರಮ್ ಜಾನ್ಸನ್ ಗವರ್ನರ್ ಆಗಿದ್ದಾಗ. ಜನರೇ ಕಾನೂನಿನ ಕರಡು ಬರೆದು, ಸಹಿ ಸಂಗ್ರಹಿಸಿ, ಅದನ್ನು ಮತಕ್ಕೆ ಹಾಕಿಸಬಹುದು. ಹೊರಗಿನಿಂದ ನೋಡುವವರಿಗೆ ಇದು ಘೋಷಣೆ, ಬ್ಯಾನರು, ಮನೆಮನೆ ಪ್ರಚಾರದ ಕೆಲಸ ಅನಿಸುತ್ತದೆ. ಪ್ರಚಾರ ಬೇಕೇ ಬೇಕು. ಆದರೆ ಇಂಥ ಪ್ರಯತ್ನಗಳು ಬೀಳುವುದು ಹೆಚ್ಚಾಗಿ ಅದಕ್ಕೂ ಮೊದಲೇ, ಕರಡಿನಲ್ಲಿ ಮತ್ತು ಸಹಿ ಹಾಳೆಯಲ್ಲಿ. ಹಾಗಾಗಿ ಇವತ್ತು ಆ ಕಾಗದಗಳ ಬಗ್ಗೆಯೇ ಮಾತಾಡೋಣ.

ಮೊದಲು ಕರಡು. ಅಲ್ಲಿನ ಪ್ರತಿ ನಗರಕ್ಕೂ ಪ್ರತಿ ಕೌಂಟಿಗೂ ಜನರಲ್ ಪ್ಲಾನ್ ಎಂಬುದಿದೆ, ನಮ್ಮ ಮಾಸ್ಟರ್ ಪ್ಲಾನ್ ಇದ್ದ ಹಾಗೆ. ಅದರ ಕೆಳಗೆ, ಯಾವ ಜಾಗದಲ್ಲಿ ಏನು ಕಟ್ಟಬಹುದು ಎನ್ನುವ ವಲಯ ನಿಯಮಗಳು. ಜನರ ಪ್ರಸ್ತಾವ ಇವುಗಳಲ್ಲಿ ಯಾವುದನ್ನು ತಿದ್ದುತ್ತದೆ ಎನ್ನುವುದೇ ಮೊದಲ ಪ್ರಶ್ನೆ. ವಾಲ್‌ನಟ್ ಕ್ರೀಕ್ ನಗರದವರು 1985ರಲ್ಲಿ, ರಸ್ತೆಯ ವಾಹನ ದಟ್ಟಣೆ ಮಿತಿ ಮೀರಿದ ಕಡೆ ಹೊಸ ಕಟ್ಟಡ ಬೇಡ ಎಂಬ ಪ್ರಸ್ತಾವವನ್ನು ಗೆಲ್ಲಿಸಿದರು. 1990ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆ ಪ್ರಸ್ತಾವ ಜನರಲ್ ಪ್ಲಾನನ್ನು ತಿದ್ದಿರಲಿಲ್ಲ, ಅದಕ್ಕೆ ವಿರುದ್ಧವಾದ ವಲಯ ನಿಯಮ ತಂದಿತ್ತು. ಮೇಲಿನ ಪ್ಲಾನು ಒಂದು ಹೇಳಿ ಕೆಳಗಿನ ನಿಯಮ ಇನ್ನೊಂದು ಹೇಳಿದರೆ ಬಿದ್ದುಹೋಗುವುದು ಕೆಳಗಿನದು. ಗೆದ್ದ ಮತಗಳೆಲ್ಲ ನೀರುಪಾಲು.

ಅದೇ 1990ರ ನವೆಂಬರ್‌ನಲ್ಲಿ, ದ್ರಾಕ್ಷಿ ತೋಟಗಳಿಗೆ ಹೆಸರಾದ ನಾಪಾ ಕೌಂಟಿಯವರು ಬೇರೆ ದಾರಿ ಹಿಡಿದರು. ಅವರ ‘ಮೆಷರ್ ಜೆ’ ಎಂಬ ಪ್ರಸ್ತಾವ ನೇರವಾಗಿ ಜನರಲ್ ಪ್ಲಾನಿಗೇ ಕೈ ಹಾಕಿತು. ಬೇಸಾಯದ ಭೂಮಿ ಎಂದು ಗುರುತಾದದ್ದನ್ನು 2020ರ ಕೊನೆಯವರೆಗೆ ಜನರ ಮತವಿಲ್ಲದೆ ಬದಲಿಸುವಂತಿಲ್ಲ ಎಂದಿತು. ಇದೂ ಕೋರ್ಟಿಗೆ ಹೋಯಿತು. 1995ರಲ್ಲಿ ಬಂದ ತೀರ್ಪು ಜನರ ಪರವಾಗಿತ್ತು: ಜನರಲ್ ಪ್ಲಾನನ್ನು ಜನರೂ ತಿದ್ದಬಹುದು, ಮುಂದಿನ ತಿದ್ದುಪಡಿಗೆ ತಮ್ಮ ಮತ ಬೇಕೆಂದೂ ಹೇಳಬಹುದು. ನಾಪಾದವರು 2008ರಲ್ಲಿ ಆ ಗಡುವನ್ನು 2058ಕ್ಕೆ ಒಯ್ದರು. ಬಯಲು ಉಳಿಸಲು ಹೊರಡುವ ಯಾರೇ ಆಗಲಿ ಮೊದಲು ಕೂತು ಓದಬೇಕಾದದ್ದು ಈ ತೀರ್ಪನ್ನು ಎಂದು ನಾನು ಹೇಳುತ್ತೇನೆ.

ಕರಡಿನಲ್ಲಿ ಇನ್ನೆರಡು ಮಾತು ಇರಲೇಬೇಕು. ಒಂದು, ಜಮೀನಿನ ಮಾಲೀಕನಿಗೆ ಯಾವ ಲಾಭದಾಯಕ ಬಳಕೆಯೂ ಉಳಿಯದಂತಾದರೆ ಅದು ಪರಿಹಾರ ಕೊಡದೆ ಭೂಮಿ ಕಿತ್ತುಕೊಂಡಂತೆ ಎಂದು ಕೋರ್ಟು ಹೇಳಬಹುದು. ಅಂಥ ಸಂದರ್ಭದಲ್ಲಿ ಮತವಿಲ್ಲದೆಯೂ ವಿನಾಯಿತಿ ಕೊಡುವ ಕಲಮು ಬೇಕು. ಇನ್ನೊಂದು, ಬಡವರಿಗೆ ಕೈಗೆಟಕುವ ಮನೆಗಳ ಬಗ್ಗೆ ರಾಜ್ಯದ ಕಾನೂನು ಕೇಳುವುದಕ್ಕೆ ಜಾಗ ಬಿಡಬೇಕು. ಊರ ಹೊರಗೆ ಗೆರೆ ಎಳೆದು ಊರ ಒಳಗೂ ಮೇಲಕ್ಕೆ ಕಟ್ಟಲು ಬಿಡದಿದ್ದರೆ ಬಾಡಿಗೆ ಏರುತ್ತದೆ, ಕೂಲಿಯವರು ದೂರ ಹೋಗುತ್ತಾರೆ. ಇದು ನಿಜವಾದ ಆಕ್ಷೇಪ. 2019ರಲ್ಲಿ ರಾಜ್ಯ ತಂದ ವಸತಿ ಕಾನೂನು, ಅದರ ವ್ಯಾಪ್ತಿಗೆ ಬರುವ ಊರುಗಳಲ್ಲಿ, ಮನೆ ಕಟ್ಟುವುದನ್ನು ತಡೆಯುವ ಕ್ರಮಗಳಿಗೆ ಕಡಿವಾಣ ಹಾಕಿತು. ಜನರೇ ಮತ ಹಾಕಿ ಮಾಡಿದ್ದಕ್ಕೂ ಅದು ಅನ್ವಯಿಸುತ್ತದೆ.

ಹಾಗೆಯೇ, ಒಬ್ಬ ಬಿಲ್ಡರಿಗೆ ಸಿಕ್ಕ ಒಂದು ಪರವಾನಗಿಯನ್ನು ರದ್ದು ಮಾಡಲು ಈ ದಾರಿ ಬಳಸುವಂತಿಲ್ಲ. ನಿಯಮ ಮಾಡುವುದು ಜನರ ಕೈಯಲ್ಲಿದೆ, ಕಚೇರಿಯ ದಿನನಿತ್ಯದ ತೀರ್ಮಾನ ಮಾಡುವುದು ಅವರ ಕೈಯಲ್ಲಿಲ್ಲ.

ಕರಡು ಸಿದ್ಧವಾದ ಮೇಲೆ ಅದನ್ನು ಕೌಂಟಿಯ ಚುನಾವಣಾ ಅಧಿಕಾರಿಗೆ ಸೂಚನಾಪತ್ರದ ಜೊತೆ ಕೊಡಬೇಕು. ಶುಲ್ಕ 200 ಡಾಲರ್ ಮೀರುವಂತಿಲ್ಲ. ವರ್ಷದೊಳಗೆ ಸಹಿ ಸಾಕಷ್ಟಾದರೆ ಅದೂ ವಾಪಸ್. 15 ದಿನದಲ್ಲಿ ಕೌಂಟಿಯ ವಕೀಲರು ಪ್ರಸ್ತಾವಕ್ಕೆ ಶೀರ್ಷಿಕೆ, ಸಾರಾಂಶ ಬರೆದು ಕೊಡುತ್ತಾರೆ. ಅದನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಸಹಿಗೆ ಹೊರಡಬೇಕು. ಕೈಯಲ್ಲಿರುವುದು 180 ದಿನ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಆ ಕೌಂಟಿಯಲ್ಲಿ ಬಿದ್ದ ಮತಗಳ ಶೇಕಡಾ 10ರಷ್ಟು ಸಹಿ ಬೇಕು. ನಗರವಾದರೆ ಲೆಕ್ಕ ಬೇರೆ, ನೋಂದಾಯಿತ ಮತದಾರರ ಶೇಕಡಾ 10.

ಈಗ ಆ ಸಹಿ ಹಾಳೆಯನ್ನು ಹತ್ತಿರದಿಂದ ನೋಡಿ. ಪ್ರತಿ ಹಾಳೆಯ ನೆತ್ತಿಯಲ್ಲಿ ವಕೀಲರು ಬರೆದ ಶೀರ್ಷಿಕೆ, ಸಾರಾಂಶ. ಜೊತೆಗೆ ಪ್ರಸ್ತಾವದ ಪೂರ್ಣ ಪಾಠ. ಪೂರ್ಣ ಅಂದರೆ ಪೂರ್ಣ: ಜನರಲ್ ಪ್ಲಾನಿನ ಯಾವ ಭಾಗವನ್ನು ಉಳಿಸಿಕೊಳ್ಳುತ್ತೇವೆ ಅಂತೀರೋ ಅದರ ಮಾತುಗಳೂ ಇರಬೇಕು, ನಕ್ಷೆಯೂ ಇರಬೇಕು. ‘ಪ್ಲಾನಿನಲ್ಲಿ ಇರುವಂತೆ’ ಎಂದು ಬರೆದು ಬಿಟ್ಟರೆ ಸಾಲದು. ಹೇವರ್ಡ್ ನಗರದ ಒಂದು ಅರ್ಜಿ 1998ರಲ್ಲಿ ಬಿದ್ದದ್ದು ಇದೇ ಕಾರಣಕ್ಕೆ. ಅದರ ಕೆಳಗೆ ಸಾಲುಗಳು: ಹೆಸರು, ಸಹಿ, ಮನೆ ವಿಳಾಸ. ಪೋಸ್ಟ್ ಬಾಕ್ಸ್ ಹಾಕಿದರೆ ಆ ಸಾಲು ಹೋಯಿತು. ಮನೆ ಬದಲಿಸಿ ಮತದಾರರ ನೋಂದಣಿ ಬದಲಿಸದಿದ್ದರೂ ಹೋಯಿತು. ಗಂಡನ ಪರವಾಗಿ ಹೆಂಡತಿ ಹಾಕಿದರೂ ಹೋಯಿತು. ಸಹಿಯನ್ನು ನೋಂದಣಿಯಲ್ಲಿರುವುದಕ್ಕೆ ಹೋಲಿಸಿ ನೋಡುತ್ತಾರೆ. ಹಾಗಾಗಿ ಅಲ್ಲಿ ಕನ್ನಡದಲ್ಲಿ ಸಹಿ ಮಾಡಿದವರು ಇಲ್ಲೂ ಕನ್ನಡದಲ್ಲೇ ಮಾಡಬೇಕು. ಹಾಳೆಯ ಕೊನೆಯಲ್ಲಿ ಸಹಿ ಸಂಗ್ರಹಿಸಿದವರ ಘೋಷಣೆ ಇರುತ್ತದೆ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಸಂಗ್ರಹಿಸಿದೆ ಎಂಬುದನ್ನು ಅವರು ತಮ್ಮ ಕೈಬರಹದಲ್ಲೇ ತುಂಬಬೇಕು.

ಫ್ರೀಮಾಂಟ್ ಸುತ್ತಮುತ್ತ ನೆಲೆಸಿರುವ ನಮ್ಮ ಕನ್ನಡಿಗರಿಗೆ ಒಂದು ಮಾತು. ಆ ಊರಿನ ಹಿಂದಿನ ಗುಡ್ಡಗಳನ್ನು ಕಾಯುತ್ತಿರುವುದೂ 1981 ಮತ್ತು 2002ರ ಇಂಥ ಮತಗಳೇ. ಪೌರತ್ವವಿಲ್ಲದೆ ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲೆ ಇರುವವರು ಸಹಿ ಹಾಕುವಂತಿಲ್ಲ, ಸಹಿ ನೋಂದಾಯಿತ ಮತದಾರರದ್ದೇ ಆಗಬೇಕು. ಆದರೆ ಸಹಿ ಸಂಗ್ರಹಿಸುವವರಿಗೆ ಕ್ಯಾಲಿಫೋರ್ನಿಯಾ ಚುನಾವಣಾ ಕಾನೂನು ಕೇಳುವುದು 18 ವರ್ಷ ತುಂಬಿರಬೇಕು ಎಂಬುದನ್ನು ಮಾತ್ರ.

ಒಬ್ಬರೇ ಎರಡು ಸಲ ಹಾಕುವ ಸಹಿಯ ವಿಷಯ ಕೊಂಚ ಬಿಡಿಸಿ ಹೇಳಬೇಕು. 30,000 ಸಹಿ ಬೇಕಿತ್ತು, 40,000 ತಂದಿರಿ ಅನ್ನಿ. ಕಚೇರಿ ಎಲ್ಲವನ್ನೂ ನೋಡುವುದಿಲ್ಲ, ಶೇಕಡಾ 3ರಷ್ಟು, ಅಂದರೆ 1,200 ಸಹಿಗಳನ್ನು ಗೊತ್ತುಗುರಿಯಿಲ್ಲದೆ ಆರಿಸಿ ಪರೀಕ್ಷಿಸುತ್ತದೆ. ಅದರಲ್ಲಿ 1,000 ಸರಿ ಇದ್ದರೆ ಒಟ್ಟು 33,333 ಸರಿ ಎಂದು ಲೆಕ್ಕ. ಬೇಕಾದದ್ದರ ಶೇಕಡಾ 110, ಅಂದರೆ 33,000 ದಾಟಿದರೆ ಅಲ್ಲೇ ಪಾಸು. ಶೇಕಡಾ 95ಕ್ಕಿಂತ ಕೆಳಗಿದ್ದರೆ ಫೇಲು. ನಡುವೆ ಬಂದರೆ 40,000ವನ್ನೂ ಒಂದೊಂದಾಗಿ ನೋಡಬೇಕು. ಈಗ ಆ 1,200ರಲ್ಲಿ ಒಬ್ಬರೇ ಎರಡು ಸಲ ಹಾಕಿದ ಸಹಿ ಒಂದು ಸಿಕ್ಕಿತು. ರಾಜ್ಯಮಟ್ಟದ ಅರ್ಜಿಗಳಿಗೆ ಬಳಸುವ ಸೂತ್ರದ ಪ್ರಕಾರ, 33.3ನ್ನು 32.3ರಿಂದ ಗುಣಿಸಿ, ಸುಮಾರು 1,078 ಸಹಿ ಕಳೆಯುತ್ತಾರೆ. ಮಾದರಿಯಲ್ಲೇ ಒಂದು ಜೋಡಿ ಸಿಕ್ಕಿದೆ ಅಂದರೆ ಇಡೀ ರಾಶಿಯಲ್ಲಿ ಅಂಥವು ಸಾವಿರದಷ್ಟು ಇರಬೇಕು ಎಂಬ ತರ್ಕ. ಪಾಸಾಗಿದ್ದ ಅರ್ಜಿ ಪೂರ್ಣ ಎಣಿಕೆಗೆ ಜಾರಿತು. ಅದಕ್ಕೇ ‘ಈಗಾಗಲೇ ಹಾಕಿದ್ದೀರಾ?’ ಎಂದು ಪ್ರತಿಯೊಬ್ಬರನ್ನೂ ಕೇಳಿಯೇ ಪೆನ್ನು ಕೊಡಬೇಕು. ಪ್ರತಿ ಸಂಜೆ ಹಾಳೆಗಳನ್ನು ಮತದಾರರ ಪಟ್ಟಿಗೆ ತಾಳೆ ನೋಡಿ ಕೆಟ್ಟ ಸಾಲನ್ನು ಹೊಡೆದು ಹಾಕಬೇಕು.

ಎದುರಾಳಿಗಳ ಕೈಯಲ್ಲೂ ಇದೇ ಆಯುಧ ಇದೆ ಎಂಬುದು ನನಗೆ ನೋವಿನ ಸಂಗತಿ. ಸಹಿ ಸಂಗ್ರಹದಿಂದ ಬಂದ ಪ್ರಸ್ತಾವಕ್ಕೆ ಪರಿಸರ ಪರಿಣಾಮದ ಅಧ್ಯಯನ ಬೇಕಿಲ್ಲ. ನಗರಸಭೆ ಅದನ್ನು ಮತಕ್ಕೆ ಹಾಕದೆ ನೇರ ಒಪ್ಪಿಕೊಂಡರೂ ಬೇಕಿಲ್ಲ ಎಂದು 2014ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಆಗಿನಿಂದ ಕಟ್ಟುವವರೇ ಹಣ ಕೊಟ್ಟು ಸಹಿ ತರಿಸುವ ದಾರಿ ಸಲೀಸಾಯಿತು. ನಿಮ್ಮ ಪ್ರಸ್ತಾವದ ಪಕ್ಕದಲ್ಲೇ, ಅದೇ ತರಹದ ಹೆಸರಿಟ್ಟು, ಸಡಿಲವಾದ ಇನ್ನೊಂದು ಬರಬಹುದು. ಎರಡೂ ಗೆದ್ದು ಒಂದಕ್ಕೊಂದು ಹೊಂದದಿದ್ದರೆ ಹೆಚ್ಚು ಮತ ಬಿದ್ದದ್ದು ಮೇಲುಗೈ.

ನಮ್ಮ ದೇಶದಲ್ಲಿ ಈ ದಾರಿ ಇಲ್ಲ. ಮಾಸ್ಟರ್ ಪ್ಲಾನಿನ ಕರಡಿಗೆ ಆಕ್ಷೇಪಣೆ ಸಲ್ಲಿಸುವುದು, ಕರ್ನಾಟಕದ 1985ರ ಉದ್ಯಾನ ಮತ್ತು ಆಟದ ಮೈದಾನಗಳ ಕಾಯ್ದೆ ಹಿಡಿದು ಕೋರ್ಟಿಗೆ ಹೋಗುವುದು, ಇಷ್ಟೇ. ಬೆಂಗಳೂರಿನಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ನರ್ಸಿಂಗ್ ಹೋಂಗೆ ಕೊಟ್ಟದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು ಅಲ್ಲಿನ ನಿವಾಸಿಗಳು ಹಟ ಬಿಡದೆ ಹೋರಾಡಿದ್ದರಿಂದ.

ಕೊನೆಗೆ ದಿನಗಳ ಲೆಕ್ಕ, ಇದನ್ನು ಕೊನೆಯಿಂದ ಹಿಂದಕ್ಕೆ ಎಣಿಸಬೇಕು. ನವೆಂಬರಿನ ಮತಪತ್ರದಲ್ಲಿ ಹೆಸರು ಬರಬೇಕಾದರೆ ಮತದಾನಕ್ಕೆ 88 ದಿನ ಮುಂಚೆ, ಅಂದರೆ ಆಗಸ್ಟ್ ಮೊದಲಲ್ಲೇ ಕೌಂಟಿ ಮಂಡಳಿ ಆದೇಶ ಹೊರಡಿಸಿರಬೇಕು. ಮಂಡಳಿ ವರದಿ ಕೇಳಿದರೆ ಅದಕ್ಕೆ 30 ದಿನ, ಆಮೇಲೆ ತೀರ್ಮಾನಕ್ಕೆ 10 ದಿನ. ಸಹಿಯ ಮಾದರಿ ಪರೀಕ್ಷೆಗೆ ರಜೆ ಬಿಟ್ಟು 30 ದಿನ, ಪೂರ್ಣ ಎಣಿಕೆಯಾದರೆ 60. ಹಾಗಾಗಿ ಹಾಳೆಗಳ ಪೆಟ್ಟಿಗೆಯನ್ನು ಮಾರ್ಚ್ ಕೊನೆಗೆ ಕಚೇರಿಗೆ ಮುಟ್ಟಿಸಬೇಕು, ಸಹಿ ಹಿಂದಿನ ವರ್ಷದ ಅಕ್ಟೋಬರಿನಲ್ಲೇ ಶುರುವಾಗಬೇಕು, ಸೂಚನಾಪತ್ರ ಸೆಪ್ಟೆಂಬರ್ ಮಧ್ಯಕ್ಕೆ ಹೋಗಿರಬೇಕು. ಕರಡು ಬರೆಯಲು ಕೂರುವುದು ಅದಕ್ಕೂ ಮೊದಲು, ಬೇಸಿಗೆಯಲ್ಲಿ.

ನಮಸ್ಕಾರ.