ಡ್ರಾಯರ್ ಸಡಿಲ ಯಾಕಾಯ್ತು? ಮರಗೆಲಸದ ಕೋಣೆಯಲ್ಲಿ ಸಲಕರಣೆ ಜೋಡಣೆ

ಕ್ಯಾಮೆರಾ ಓಡ್ತಾ ಇದೆ, ಬನ್ನಿ. ಮೇಜಿನ ಮೇಲೆ ಇಷ್ಟೆಲ್ಲ ಹರಡಿಟ್ಟಿರೋದು ಬೇಕು ಅಂತಲೇ. ಗೋಡೆಗೆ ಒಂದು ತೂತು ಹೊಡೆಯೋ ಮೊದಲು ಇರೋದನ್ನೆಲ್ಲ ಹೊರಗೆ ತೆಗೆದು ಗುಂಪು ಮಾಡ್ಬೇಕು. ಹೇಗೆ ಗುಂಪು ಮಾಡ್ತೀರಿ ಅನ್ನೋದರ ಮೇಲೆ ಮುಂದಿನದೆಲ್ಲ ನಿಂತಿದೆ. ಬಿಟ್ ಎಲ್ಲ ಒಂದು ಕಡೆ, ಅಳತೆ ಸಾಮಾನೆಲ್ಲ ಒಂದು ಕಡೆ, ಹೀಗೆ ಜಾತಿ ಪ್ರಕಾರ ಇಟ್ರೆ ನೋಡೋಕೆ ಚೆಂದ, ಕೆಲಸಕ್ಕೆ ಬರಲ್ಲ. ಒಂದು ಸ್ಕ್ರೂ ಹಾಕೋಕೆ ಏನೇನು ಬೇಕು ಲೆಕ್ಕ ಹಾಕಿ. ಪೆನ್ಸಿಲ್, ಮೂಲೆಮಟ್ಟ, 3 ಮಿ.ಮೀ. ಬಿಟ್, ಸ್ಕ್ರೂ ತಲೆ ಕೂರೋಕೆ ಕುಳಿ ಮಾಡೋ ಕೌಂಟರ್‌ಸಿಂಕ್, ಡ್ರೈವರ್ ಬಿಟ್, ಡ್ರಿಲ್. ಆರೂ ಆರು ಮೂಲೆಯಲ್ಲಿದ್ರೆ ಕೆಲಸಕ್ಕಿಂತ ಓಡಾಟವೇ ಜಾಸ್ತಿ. ಯಾವುದರ ಜೊತೆ ಯಾವುದು ಕೈಗೆ ಬರುತ್ತೋ ಅದರ ಪಕ್ಕವೇ ಅದಿರಲಿ. ಅದಕ್ಕಾಗಿ ಪೆನ್ಸಿಲ್ ನಾಲ್ಕು ಜಾಗದಲ್ಲಿ ಇಡಬೇಕಾದ್ರೆ ನಾಲ್ಕು ಜಾಗದಲ್ಲಿ ಇಡಿ.

ಇದು ಗೋಡೆ. ಫ್ರೆಂಚ್ ಕ್ಲೀಟ್ ಹಾಕ್ತಾ ಇರೋದು, ಅಂದ್ರೆ ಒಂದಕ್ಕೊಂದು ಸಿಕ್ಕಿಸಿ ನೇತು ಹಾಕೋ ಓರೆ ಅಂಚಿನ ಜೋಡಿ ಪಟ್ಟಿ. 18 ಮಿ.ಮೀ. ಪ್ಲೈನಲ್ಲಿ 160 ಮಿ.ಮೀ. ಅಗಲದ ಪಟ್ಟಿ ಕೊಯ್ದು, ಗರಗಸದ ಅಲಗನ್ನ 45 ಡಿಗ್ರಿಗೆ ವಾಲಿಸಿ ಅದೇ ಪಟ್ಟಿಯನ್ನ ನಡುವೆ ಸೀಳಿದ್ರೆ ಎರಡು ಕ್ಲೀಟ್ ಒಟ್ಟಿಗೇ ಸಿಗುತ್ತೆ. ಒಂದು ಗೋಡೆಗೆ, ಇನ್ನೊಂದು ಸಲಕರಣೆ ಇಡೋ ಹೋಲ್ಡರ್ ಬೆನ್ನಿಗೆ. ಗೋಡೆಯ ಕ್ಲೀಟ್‌ನ ಚೂಪು ತುದಿ ಮೇಲಿರಬೇಕು, ಇಳಿಜಾರು ಗೋಡೆ ಕಡೆ ತಿರುಗಿರಬೇಕು. ಆ ಚೂಪು ತುದಿಯನ್ನ 3 ಮಿ.ಮೀ.ನಷ್ಟು ಕೀಸಿ ಚಪ್ಪಟೆ ಮಾಡಿ. ಇಲ್ಲದಿದ್ರೆ ಸಂದಿನ ತಳದಲ್ಲಿ ಹೊಟ್ಟು ತುಂಬಿದಾಗ ಹೋಲ್ಡರ್ ಪೂರ್ತಿ ಕೂರಲ್ಲ, ಒಂದು ಕಡೆ ಎದ್ದು ನಿಲ್ಲುತ್ತೆ.

ಸ್ಕ್ರೂ ಉದ್ದದಲ್ಲಿ ತಪ್ಪು ಬಹಳ ಆಗುತ್ತೆ. ಗೋಡೆಯ ಗಾರೆಗೆ ಹಿಡಿತದ ಶಕ್ತಿ ಇಲ್ಲ, ಅದನ್ನ ಲೆಕ್ಕಕ್ಕೇ ತಗೋಬೇಡಿ. ಪ್ಲೈ 18, ಗಾರೆ ಸುಮಾರು 15, ಅದರ ಹಿಂದೆ ಇಟ್ಟಿಗೆಯೊಳಗೆ ಕನಿಷ್ಠ 40. ಸೇರಿಸಿದ್ರೆ 73. ಹಾಗಾಗಿ 5×75 ಸ್ಕ್ರೂ (5 ದಪ್ಪ, 75 ಉದ್ದ), ಗೋಡೆಯ ತೂತಿಗೆ 8 ಮಿ.ಮೀ. ಪ್ಲಗ್, 400 ಮಿ.ಮೀ.ಗೆ ಒಂದರಂತೆ. 50ರ ಸ್ಕ್ರೂ ಹಾಕಿದ್ರೆ ಹಿಡಿದಿರೋದು ಬರೀ ಗಾರೆ ಮತ್ತೆ ಒಂದಿಷ್ಟು ಇಟ್ಟಿಗೆ ಪುಡಿ. ಎಂಟು ಕ್ಲ್ಯಾಂಪ್ ನೇತು ಹಾಕಿದ ದಿನ ಪಟ್ಟಿ ಕಿತ್ತು ಬರುತ್ತೆ.

ಕ್ಲೀಟ್ ಸಾಲುಗಳ ನಡುವೆ 200 ಮಿ.ಮೀ. ಹೋಲ್ಡರ್‌ನ ಕೆಳ ಅಂಚು ಮುಂದಿನ ಕ್ಲೀಟ್ ಮೇಲೆ ಬಂದು ಒರಗಿದ್ರೆ ನೇರವಾಗಿ ನಿಲ್ಲುತ್ತೆ. ಎರಡು ಕ್ಲೀಟ್ ನಡುವೆ ಬಿದ್ರೆ ಕೆಳಗಿನ ಭಾಗ ಒಳಕ್ಕೆ ವಾಲುತ್ತೆ, ಆಗ ಬೆನ್ನಿಗೆ 18 ಮಿ.ಮೀ. ತುಂಡೊಂದನ್ನ ಅಂಟಿಸಿ.

ತೂತು ತೂತಿನ ಪೆಗ್‌ಬೋರ್ಡ್ ಯಾಕಲ್ಲ ಅಂದ್ರೆ, ಕೊಕ್ಕೆ! ಸಾಮಾನು ತೆಗೆದಾಗಲೆಲ್ಲ ಕೊಕ್ಕೆಯೂ ಕೈಗೆ ಬರುತ್ತೆ. ಅದನ್ನ ಸಹಿಸೋಕೇ ಆಗಲ್ಲ. ಆದರೆ... ಸ್ಪ್ಯಾನರ್, ಅಲನ್ ಕೀ, ಕತ್ತರಿಯಂಥ ಹಗುರವಾದದ್ದಕ್ಕೆ, ಕೊಕ್ಕೆಯನ್ನ ಸ್ಕ್ರೂನಿಂದ ಬಿಗಿ ಮಾಡೋ ಹಾಗಿದ್ರೆ, ಒಪ್ಪಿಕೊಳ್ತೀನಿ, ಪೆಗ್‌ಬೋರ್ಡ್ ಸಾಕು. ಅದರ ಹಿಂದೆ ಪಟ್ಟಿ ಹೊಡೆದು 20 ಮಿ.ಮೀ. ಜಾಗ ಬಿಡಿ. ಗೋಡೆಯ ತೇವ ನೇರ ತಾಗಬಾರದು, ಕೊಕ್ಕೆಯ ಬಾಲಕ್ಕೂ ಜಾಗ ಬೇಕು.

ಉಳಿಗಳು. ಹಿಂದೊಂದು ಪಟ್ಟಿ, ಮುಂದೊಂದು ಪಟ್ಟಿ, ನಡುವೆ 10 ಮಿ.ಮೀ. ಸಂದು. ಅಲಗು ಸಂದಿನೊಳಗೆ ಇಳಿಯುತ್ತೆ, ಹಿಡಿಯ ಬುಡ ಮೇಲೆ ನಿಲ್ಲುತ್ತೆ. ಒಂದರಿಂದ ಒಂದಕ್ಕೆ 50 ಮಿ.ಮೀ. ಇದ್ರೆ ಬೆರಳು ಆಡುತ್ತೆ. ಕೆಳಗೆ ಅಲಗು ಬೆತ್ತಲೆ ಬಿಡಬೇಡಿ, ಮುಂದೆ ಒಂದು ತೆಳು ಹಲಗೆ ಹೊಡೆಯಿರಿ. ಪಕ್ಕದ ಕೊಡತಿಗೆ ಕೈ ಹಾಕುವಾಗ ಬೆರಳ ಗೆಣ್ಣು ತಾಗೋದು ಅಲ್ಲೇ. ಮ್ಯಾಗ್ನೆಟ್ ಪಟ್ಟಿ ಉಳಿಗೆ ಬೇಡ, ಅಂಟಿಸುವಾಗ ಅಂಚು ಉಕ್ಕಿಗೆ ತಾಗಿ ಬಾಯಿ ಹೋಗುತ್ತೆ. ಸ್ಕ್ರೂಡ್ರೈವರ್‌ಗೆ ಹಾಕ್ಕೊಳ್ಳಿ, ಅಡ್ಡಿಯಿಲ್ಲ.

ಕೀಸುಳಿ ಇಡೋ ಇಳಿಜಾರು ಹಲಗೆ ಇದು. ತುದಿಯ ಹತ್ತಿರ 5 ಮಿ.ಮೀ. ಪಟ್ಟಿ ಕಾಣ್ತಾ ಇದೆ ನೋಡಿ, ಅದರ ಮೇಲೆ ಮೂತಿ ಕೂತ್ರೆ ಅಲಗು ಹಲಗೆಗೆ ತಾಗಲ್ಲ. ಅಷ್ಟೇ, ಮುಂದೆ.

ಈಗ ಡ್ರಾಯರ್. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಶಬ್ದ ಕೇಳಿಸ್ತಾ ಇರಬೇಕು, ಕಟಕಟ ಅಂತ. ಎಳೆದಾಗ ಎಡಗಡೆ ಮುಂದೆ ಬರುತ್ತೆ, ಬಲಗಡೆ ಹಿಂದೆ ಉಳಿಯುತ್ತೆ. ಇನ್ನೂ ಎಳೆದ್ರೆ ಒಂದು ಕಡೆಯ ಚಾನೆಲ್, ಅಂದ್ರೆ ಡ್ರಾಯರ್ ಜಾರೋ ಲೋಹದ ಹಳಿ, ಕಳಚಿ ಡ್ರಾಯರ್ ಕಾಲ ಮೇಲೆ ಬೀಳುತ್ತೆ. ಚಾನೆಲ್ ಕೆಟ್ಟಿಲ್ಲ. ತಪ್ಪು ಅಳತೆಯದ್ದು, ಅದೂ ಕಾಗದದ ಮೇಲೆ ಎಲ್ಲ ಸರಿ ಕಾಣೋ ಅಳತೆ.

ಲೆಕ್ಕ ಹೀಗಿತ್ತು. ಡ್ರಾಯರ್ ಕೂರೋ ಪೆಟ್ಟಿಗೆಯ ಹೊರ ಅಗಲ 600. ಎರಡು ಬದಿ 18, 18. ಒಳ ಅಗಲ 564. ಬಾಲ್ ಬೇರಿಂಗ್ ಚಾನೆಲ್‌ನ ದಪ್ಪ 12.7, ಅದಕ್ಕೆ ಬದಿಗೆ 13 ಬಿಟ್ರೆ ಡ್ರಾಯರ್‌ನ ಹೊರ ಅಗಲ 538. ಡ್ರಾಯರ್ ಬದಿ 12 ಮಿ.ಮೀ. ಪ್ಲೈ, ಹಾಗಾಗಿ ಮುಂದಿನ ಹಿಂದಿನ ತುಂಡು 514ಕ್ಕೆ ಕೊಯ್ದದ್ದು. ಎಲ್ಲೂ ತಪ್ಪಿಲ್ಲ ಅಲ್ವಾ?

ಈಗ ದಪ್ಪ ಅಳೆಯೋ ಈ ಕ್ಯಾಲಿಪರ್ ನೋಡಿ. 18 ಅಂತ ಬರೆದಿರೋ ಪ್ಲೈ 17.3 ಇದೆ. 12 ಅಂತ ಇರೋದು 11.5. ಪೆಟ್ಟಿಗೆಯ ಬದಿ ತೆಳುವಾದ್ರೆ ಒಳಗಿನ ಜಾಗ ದೊಡ್ಡದಾಗುತ್ತೆ, 565.4. ಡ್ರಾಯರ್ ಬದಿ ತೆಳುವಾದ್ರೆ ಡ್ರಾಯರ್ ಸಣ್ಣದಾಗುತ್ತೆ, 537. ಎರಡು ತಪ್ಪೂ ಒಂದನ್ನೊಂದು ಕಳೆಯಲ್ಲ, ಒಂದೇ ದಿಕ್ಕಿಗೆ ಕೂಡುತ್ತೆ. ಒಟ್ಟು ಸಂದು 28.4, ಬದಿಗೆ 14.2. ಚಾನೆಲ್ ಬೇಡೋದು 12.7. ಬದಿಗೊಂದೂವರೆ ಮಿಲಿಮೀಟರ್ ಜಾಸ್ತಿ, ಅಷ್ಟಕ್ಕೇ ಈ ಕಟಕಟ.

ಸರಿಪಡಿಸೋಕೆ ಡ್ರಾಯರ್ ಒಡೆಯಬೇಕಿಲ್ಲ. ಚಾನೆಲ್ ಬಿಚ್ಚಿ, ಪೆಟ್ಟಿಗೆಯ ಬದಿಗೂ ಚಾನೆಲ್‌ಗೂ ನಡುವೆ 1 ಮಿ.ಮೀ. ಲ್ಯಾಮಿನೇಟ್‌ನ ಪಟ್ಟಿ ಇಡಿ. 45 ಮಿ.ಮೀ. ಅಗಲ, ಚಾನೆಲ್‌ನಷ್ಟೇ ಉದ್ದ. ಸ್ಕ್ರೂ ಇರೋ ಜಾಗಕ್ಕೆ ಮಾತ್ರ ಚೂರು ಇಟ್ರೆ ನಡುವೆ ಚಾನೆಲ್ ಬಾಗುತ್ತೆ, ಅದಕ್ಕೇ ಪೂರ್ತಿ ಉದ್ದ. ಎರಡೂ ಬದಿಗೆ ಹಾಕಿದ ಮೇಲೆ ಬದಿಗೆ 13.2 ಉಳೀತು. ಈಗ ಎಳೀತೀನಿ ಕೇಳಿ. ಶಬ್ದವಿಲ್ಲ. ಒಂದೇ ಕಡೆ ದಪ್ಪ ಹಾಕೋ ಆಸೆ ಬೇಡ, ಡ್ರಾಯರ್‌ನ ಮುಖ ಪಕ್ಕಕ್ಕೆ ಸರಿದು ಮುಂಭಾಗದ ಸಂದುಗಳು ಸೊಟ್ಟಗಾಗುತ್ತೆ.

ಸಂದು ಕಮ್ಮಿ ಆಗಿದ್ರೆ ಗೋಳು ಇದಕ್ಕಿಂತ ಜಾಸ್ತಿ. ಆಗ ಗೋಲಿಗಳು ಒತ್ತಿ, ಡ್ರಾಯರ್ ಅರ್ಧಕ್ಕೆ ನಿಲ್ಲುತ್ತೆ, ಡ್ರಾಯರ್ ಬದಿಯನ್ನ ಕೀಸಬೇಕಾಗುತ್ತೆ. ಹಾಗಾಗಿ ತಪ್ಪೋದಾದ್ರೆ ಅರ್ಧ ಮಿಲಿಮೀಟರ್ ಸಡಿಲದ ಕಡೆ ತಪ್ಪಿ. ಮೊದಲು ಪೆಟ್ಟಿಗೆ ಜೋಡಿಸಿ, ಅಂಟು ಒಣಗಿದ ಮೇಲೆ ಒಳ ಅಗಲವನ್ನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ, ಆಮೇಲೆ ಡ್ರಾಯರ್ ಕೊಯ್ಯಿರಿ. ಟೇಪನ್ನ ಮೂಲೆಯಲ್ಲಿ ಬಗ್ಗಿಸಿ ಓದಬೇಡಿ. ಎರಡು ಸಣ್ಣ ಪಟ್ಟಿಗಳನ್ನ ಒಂದರ ಮೇಲೊಂದು ಜಾರಿಸಿ, ಎರಡೂ ತುದಿ ಬದಿಗೆ ತಾಗಿದಾಗ ಕ್ಲಿಪ್ ಹಾಕಿ ಹೊರಗೆ ತೆಗೆದು ಅಳೆಯಿರಿ.

ಡ್ರಾಯರ್ ಆಳ? ಒಳಗೆ 60 ಮಿ.ಮೀ. ಸಾಕು. ಆಳ ಹೆಚ್ಚಾದಂತೆ ಒಂದರ ಮೇಲೊಂದು ಪೇರಿಸ್ತೀವಿ, ತಳದಲ್ಲಿರೋದು ಕಾಣಲ್ಲ. ಡ್ರಿಲ್, ಸ್ಯಾಂಡರ್, ಮರದಲ್ಲಿ ತೋಡು ಕೊರೆಯೋ ರೂಟರ್‌ಗೆ ಕೆಳಗಿನ ದೊಡ್ಡದು ಒಂದು. ಫೋಮ್ ಕೊರೆದು ಆಕಾರ ಮಾಡೋದು ನನಗಂತೂ ಇಷ್ಟವಿಲ್ಲ. ಒಂದು ಹೊಸ ಸಾಮಾನು ಬಂದ್ರೆ ಫೋಮ್ ಪೂರ್ತಿ ಬದಲಾಯಿಸ್ಬೇಕು. ಕ್ಯಾಲಿಪರ್ ಥರ ನಾಜೂಕಾದವಕ್ಕೆ ಮಾತ್ರ ಸೈ.

ರೂಟರ್ ಬಿಟ್ ಹತ್ತಿರಕ್ಕೆ ಬನ್ನಿ. ಒಂದಕ್ಕೊಂದು ತಾಗಿದ್ರೆ ಕಾರ್ಬೈಡ್ ಚಕ್ಕೆ ಎದ್ದು ಹೋಗುತ್ತೆ, ಅದು ಗಟ್ಟಿ, ಆದರೆ ಒಡೆಯೋ ಗುಣದ್ದು. ದೊಡ್ಡ ಬಿಟ್‌ಗಳ ನಡುವೆ ಕನಿಷ್ಠ 12 ಮಿ.ಮೀ. ಖಾಲಿ ಬಿಡಿ. 12ರ ಶ್ಯಾಂಕ್‌ಗೆ, ಅಂದ್ರೆ ಬಿಟ್‌ನ ಕಾಂಡಕ್ಕೆ, 12.5ರ ತೂತು, 8ಕ್ಕೆ 8.5. ಸರಿಯಾಗಿ 12ಕ್ಕೇ ಕೊರೆದ್ರೆ ಇವತ್ತು ಚೆನ್ನಾಗಿ ಕೂರುತ್ತೆ. ಗಾಳಿಯಲ್ಲಿ ತೇವ ಇಳಿದಾಗ ಮರ ಎಳೆಗೆ ಅಡ್ಡಲಾಗಿ ಕುಗ್ಗಿ ತೂತು ಅಂಡಾಕಾರ ಆಗುತ್ತೆ, ಬಿಟ್ ಕಚ್ಚಿಕೊಳ್ಳುತ್ತೆ. ಆಗ ಎಳೆಯೋದು ಎಲ್ಲಿ ಹಿಡಿದು? ಹರಿತವಾದ ತಲೆ ಹಿಡಿದು. ಬೇಡ. ಗರಗಸದ ಚಕ್ರಗಳಿಗೂ ಇದೇ ಮಾತು, ನಡುವೆ ಒಂದೊಂದು ರಟ್ಟು ಇಡಿ.

ಸ್ಯಾಂಡ್‌ಪೇಪರ್ ಗ್ರಿಟ್ ಪ್ರಕಾರ, ಅಂದ್ರೆ ಒರಟಿನಿಂದ ನುಣುಪಿಗೆ, 80, 120, 180, 240. ಅಡ್ಡ ಹಲಗೆಗಳ ನಡುವೆ 25 ಮಿ.ಮೀ., ಮೇಲೆ ಒಂದು ಭಾರದ ಹಲಗೆ. ಹಾಗೇ ಬಿಟ್ರೆ ತೇವಕ್ಕೆ ಸುರುಳಿ ಸುತ್ತುತ್ತೆ.

ಜೋಡಣೆ ಮಾತಲ್ಲ ಇದು, ಆದ್ರೂ ಹೇಳ್ಲೇಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಈ ಡ್ರಾಯರ್‌ಗೋ ಕಸದ ಡಬ್ಬಕ್ಕೋ ಹಾಕಬೇಡಿ. ಎಣ್ಣೆ ಒಣಗುವಾಗ ಗಾಳಿಯ ಜೊತೆ ಸೇರಿ ಬಿಸಿ ಹುಟ್ಟುತ್ತೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲ್ಲ, ತಾನಾಗಿ ಹೊತ್ತಿಕೊಳ್ಳುತ್ತೆ. ಹೊರಗೆ ಬಿಡಿಬಿಡಿಯಾಗಿ ಹರವಿ ಒಣಗಿಸಿ, ಇಲ್ಲಾ ನೀರು ತುಂಬಿದ ಲೋಹದ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ಬ್ಯಾಟರಿ ಚಾರ್ಜರ್ ಕೂಡ ಹೊಟ್ಟು ಬೀಳೋ ಮೂಲೆಯಿಂದ ದೂರ ಇರಲಿ. ಸರಿ ಸರಿ, ಹಿಡಿ ಹಾಕೋ ಶಾಟ್ ಬಂತು.

ಕೊನೆಯದು ಈ ಹಿಡಿ. ತೂತಿನಿಂದ ತೂತಿಗೆ 96 ಮಿ.ಮೀ. ಒಂದು ತೆಳು ಹಲಗೆಯಲ್ಲಿ ಎರಡು ತೂತು ಕೊರೆದು ಅಚ್ಚು ಮಾಡಿಕೊಂಡ್ರೆ ಐದು ಡ್ರಾಯರ್‌ಗೂ ಅದೇ ಸಾಕು. ಹಿಡಿಯ ಜೊತೆ ಬರೋ 25ರ ಸ್ಕ್ರೂ ಇಲ್ಲಿ ಮುಟ್ಟಲ್ಲ. ಮುಖದ ಹಲಗೆ 17.3, ಡ್ರಾಯರ್‌ನ ಮುಂಬದಿ 11.5, ಸೇರಿದ್ರೆ 28.8. ಹಿಡಿಯೊಳಗೆ 6 ಮಿ.ಮೀ. ಹಿಡಿತ ಬೇಕು. ಎಂ4×35 ಹಾಕಿ, ಒಳಗಡೆಯಿಂದ.