ಹೆಸರು ಬರ್ತದಾ ಸರ್?

ಕೇಳುಗರಿಗೆಲ್ಲ ನಮಸ್ಕಾರ. ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಹೊಡೀಲಿಕ್ಕೆ ಸುರುವಾದ್ರೆ ನನ್ನ ಸ್ವರ ಮೂರನೇ ಬೆಂಚು ದಾಟುದಿಲ್ಲ, ಮಳೆ ಇಲ್ಲದಾಗ್ಲೂ "ಅರ್ಥ ಆಯ್ತಾ?" ಅಂತ ಕೇಳಿದ್ರೆ ಎದುರಿನ ನಾಲ್ಕು ಜನ "ಆಯ್ತು ಸರ್" ಅಂತಾರೆ, ಉಳಿದವ್ರು ತಲೆ ಬಗ್ಗಿಸ್ತಾರೆ. ಹಾಗಾಗಿ ಮೊಬೈಲಿನಲ್ಲಿ ಉತ್ತರ ಒತ್ತಿಸ್ಲಿಕ್ಕೆ ಹೊರಟೆ. ಮೊದಲೆಲ್ಲ ಇದಕ್ಕೆ ಕ್ಲಿಕ್ಕರ್ ಅಂತ ಟಿವಿ ರಿಮೋಟಿನ ಹಾಗಿನ ಸಾಮಾನು ಇತ್ತು, ಈಗ ಕಹೂಟ್, ಮೆಂಟಿಮೀಟರ್ ಅಂತ ಫೋನಲ್ಲೇ ಆಗ್ತದೆ.

ಪ್ರಶ್ನೆ ಇಷ್ಟೇ. ಚೆಂಡನ್ನು ನೇರ ಮೇಲೆ ಎಸೆದ್ರೆ, ತುದಿ ಮುಟ್ಟಿದ ಆ ಕ್ಷಣದಲ್ಲಿ ಅದರ ಅಕ್ಸಲರೇಶನ್, ಅಂದ್ರೆ ವೇಗ ಬದಲಾಗುವ ದರ, ಎಷ್ಟು? ಸ್ಕ್ರೀನಿನಲ್ಲಿ ಸೊನ್ನೆಯ ಕಂಬ ಏರಿದ್ದೇ ಏರಿದ್ದು. ನಾನು ಸರಿ ತಪ್ಪು ಹೇಳ್ಲಿಲ್ಲ, ಪಕ್ಕದವ್ರ ಹತ್ರ ಮಾತಾಡಿ ಇನ್ನೊಮ್ಮೆ ಒತ್ತಿ ಅಂದೆ. ಇದು ನನ್ನ ತಲೆ ಅಲ್ಲ, ಹಾರ್ವರ್ಡಿನ ಎರಿಕ್ ಮಝೂರ್ 1991ರಲ್ಲೇ ಸುರು ಮಾಡಿದ ಕ್ರಮ. ಕ್ಲಾಸು ಮೀನು ಮಾರ್ಕೆಟ್ ಆಯ್ತು. ನನ್ನೆದುರು ಯಾವತ್ತೂ ಬಾಯಿ ಬಿಡದ ಹಿಂದಿನ ಬೆಂಚಿನವ ಒಬ್ಬ, "ಅತ್ತ್ ಮಾರಾಯ" ಅಂತ ಹಿಡಿದು ತುಳುವಲ್ಲೇ ಬಿಡಿಸಿ ಹೇಳ್ತಿದ್ದ, ಅಲ್ಲಿ ವೇಗ ಮಾತ್ರ ಸೊನ್ನೆ, ಭೂಮಿ ಎಳೆಯುದು ನಿಲ್ಲಿಸ್ತದಾ, ನಿಲ್ಲಿಸಿದ್ರೆ ಚೆಂಡು ಅಲ್ಲೇ ನೇತಾಡ್ಬೇಕಲ್ವಾ ಅಂತ. ಎರಡನೇ ಸಲ ಸರಿ ಉತ್ತರದ, ಅಂದ್ರೆ 9.8ರ ಕಂಬ ಮೇಲೆ ಬಂತು.

ಜನ ಹೊಸ ಟೆಕ್ನಾಲಜಿ ಒಪ್ಪಬೇಕಾದ್ರೆ ಉಪಯೋಗ ಉಂಟು ಅನ್ನಿಸ್ಬೇಕು, ಸುಲಭ ಅಂತಲೂ ಅನ್ನಿಸ್ಬೇಕು ಅಂತ ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಬರೆದಿದ್ದಾರೆ. ಸುಲಭದ್ದು ಹೇಗಾದ್ರೂ ಆಗ್ತದೆ ಮಾರಾಯ್ರೆ, ಮಕ್ಕಳ ಫೋನಿಗೆ ನೆಟ್ ಸಿಗದಿದ್ರೆ ಪ್ಲಿಕರ್ಸ್ ಅಂತ ಕಾಗದದ ಕಾರ್ಡುಂಟು, ಮಕ್ಕಳು ಅದನ್ನು ತಿರುಗಿಸಿ ಹಿಡಿದ ಹಾಗೆ ಎ, ಬಿ, ಸಿ, ಡಿ, ಮೇಷ್ಟ್ರ ಫೋನಿನ ಕ್ಯಾಮರಾ ಓದಿಕೊಳ್ತದೆ. ಆದ್ರೆ ನಮ್ಮ ಮಕ್ಕಳಿಗೆ ಬೇಕಾದ್ದು ಬೇರೆಯೇ, ತಪ್ಪು ಒತ್ತಿದವ ಯಾರು ಅಂತ ಕಾಣ್ಬಾರ್ದು.

ಇದು ನನಗೆ ತಡವಾಗಿ ಹೊಳೆದದ್ದು. ನಡುವೆ ನಾನೇ ಬುದ್ಧಿ ಖರ್ಚು ಮಾಡಿ ಹೆಸರು ಹಾಕಿಸಿದೆ, ಅಟೆಂಡೆನ್ಸ್‌ಗೂ ಇದೇ, ಎರಡು ಮಾರ್ಕೂ ಇದಕ್ಕೇ ಅಂದೆ. ಲಿಂಕ್ ವಾಟ್ಸಾಪಲ್ಲಿ ಹೋಯ್ತು, ಒಬ್ಬ ಕ್ಯಾಂಟೀನಲ್ಲಿ ಗೋಳಿಬಜೆ ತಿಂತಾ ಪ್ರೆಸೆಂಟ್. ಕ್ಲಾಸಲ್ಲಿದ್ದವ್ರು ಮಾತಾಡುದೇ ಬಿಟ್ರು, ಫಸ್ಟ್ ರ್‍ಯಾಂಕಿನವಳು ಎಂತ ಒತ್ತಿದ್ಲು ಅಂತ ಇಣುಕಿ ನೋಡುದು ಅಷ್ಟೇ. ನಿಲ್ಲಿಸಿದೆ.

ಮೊನ್ನೆ ಪುನಃ ಪ್ರಶ್ನೆ ಹಾಕಿದಾಗ ಯಾರೂ ಫೋನ್ ಮುಟ್ಲಿಲ್ಲ. ಕಿಟಕಿ ಹತ್ರದ ಹುಡುಗಿ ಮೆಲ್ಲ ಕೇಳಿದ್ಲು, "ಹೆಸರು ಬರ್ತದಾ ಸರ್?" ಇಲ್ಲ ಅಂದೆ. ಬ್ಯಾಗುಗಳ ಜಿಪ್ ಎಳೆದ ಸದ್ದು ಮಳೆಯಲ್ಲೂ ಕೇಳಿತು.