ಬಾಗಿಲ ಕಡೆ ಬೆನ್ನಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ವರ್ಷದ ಹಿಂದೆ ನೆಂಟರ ಮದುವೆಗೆ ಹೋಗಿದ್ದೆ. ಮುಹೂರ್ತ ಮುಗಿದಿತ್ತು. ಇನ್ನೊಂದು ಲೋಟ ಕಾಫಿ ಸಿಗುತ್ತದಾ ನೋಡೋಣ ಅಂತ ಅಡಿಗೆಮನೆ ಕಡೆ ಹೋದೆ. ಬೋಂಡಾ ಕರಿಯಲು ದೊಡ್ಡ ಬಾಣಲೆಯಲ್ಲಿ ಎಣ್ಣೆ ಇಟ್ಟಿದ್ದರು. ಅಡಿಗೆ ಭಟ್ಟರು ಸಾರಿನ ಉಪ್ಪು ನೋಡಲು ಆ ಕಡೆ ತಿರುಗಿದ್ದರು. ಎಣ್ಣೆ ಮೊದಲು ತೆಳ್ಳಗೆ ಹೊಗೆಯಾಡಿತು. ಹೊಗೆ ದಟ್ಟವಾಯಿತು. ಆಮೇಲೆ ಭಗ್ ಅಂತ ಹತ್ತಿಕೊಂಡಿತು. ಬಡಿಸುವ ಹುಡುಗನೊಬ್ಬ ಬಕೆಟ್ ತುಂಬ ನೀರು ಎತ್ತಿಕೊಂಡು ಓಡಿ ಬಂದ.

"ನೀರು ಹಾಕ್ಬೇಡ!" ಅಂತ ಕಿರುಚಿದೆ. ಪುಣ್ಯಕ್ಕೆ ಹುಡುಗ ನಿಂತ.

ಆ ನೀರು ಬಾಣಲೆಗೆ ಬಿದ್ದಿದ್ದರೆ ಏನಾಗುತ್ತಿತ್ತು? ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಅಲ್ಲಿಯ ಕಾವಿಗೆ ಒಂದೇ ಕ್ಷಣದಲ್ಲಿ ಆವಿಯಾಗುತ್ತದೆ. 1 ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್ ಜಾಗ ಬೇಕು. ಅಷ್ಟು ಆವಿ ಉರಿಯುವ ಎಣ್ಣೆಯನ್ನು ಎತ್ತಿ ಸೂರಿಗೆ ಎರಚುತ್ತದೆ. ಬಕೆಟ್ ಹಿಡಿದವನ ಮೈಮೇಲೂ.

ಭಟ್ಟರು ಒಲೆಯ ಗ್ಯಾಸ್ ನಿಲ್ಲಿಸಿದರು. ಅಲ್ಲೇ ಇದ್ದ ಅಗಲವಾದ ಹಿತ್ತಾಳೆ ತಟ್ಟೆಯನ್ನು ನಮ್ಮ ಕಡೆಯಿಂದ ಆಚೆಗೆ ಜಾರಿಸುತ್ತ ಬಾಣಲೆ ಮೇಲೆ ಮುಚ್ಚಿದೆವು. ಉರಿ ಅಡಗಿತು. ಇಷ್ಟೇ ಕೆಲಸ. ಆದರೆ ಭಟ್ಟರಿಗೆ ಅವಸರ. ಪಂಕ್ತಿಗೆ ಎಲೆ ಹಾಕಿ ಆಗಿತ್ತು. ಎರಡು ನಿಮಿಷ ಆಗಿತ್ತೋ ಇಲ್ಲವೋ, ತಟ್ಟೆ ಎತ್ತಿಬಿಟ್ಟರು. ಗಾಳಿ ಸಿಕ್ಕಿದ್ದೇ ತಡ, ಎಣ್ಣೆ ಮತ್ತೆ ಹತ್ತಿಕೊಂಡಿತು. ಅವರ ಬಲಗೈ ಸುಟ್ಟಿತು. ಆ ಕೈ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಆಪತ್ತಿನಲ್ಲಿ ನೆರವಾಗಲು ಆಪದ ಮಿತ್ರ, ಹೋಮ್ ಗಾರ್ಡ್ಸ್, ಸಿವಿಲ್ ಡಿಫೆನ್ಸ್ ಅಂತ ಹೆಸರು ಕೊಟ್ಟವರು, ಇಲ್ಲವೇ ಸುಮ್ನೆ ಜಾತ್ರೆಯಲ್ಲಿ ಬ್ಯಾಡ್ಜ್ ಹಾಕಿಕೊಂಡು ಓಡಾಡುವವರು, ನಿಮಗಾಗಿಯೇ ಇವತ್ತಿನ ಮಾತು. ಬೆಂಕಿ ಕಂಡಾಗ ನಮ್ಮವರು ಕೇಳುವ ಮೊದಲ ಪ್ರಶ್ನೆ "ಹೇಗೆ ಆರಿಸೋದು?" ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಇದು ನಾನು ಆರಿಸುವ ಬೆಂಕಿಯೇ, ಅಲ್ಲವೇ?

ನನ್ನ ಅಳತೆ ಕಸದ ಬುಟ್ಟಿ. ಬೆಂಕಿ ಅದಕ್ಕಿಂತ ದೊಡ್ಡದಾಗಿ ಬೆಳೆದಿದ್ದರೆ, ಸೂರಿಗೆ ನಾಲಿಗೆ ಚಾಚಿದ್ದರೆ, ಕೋಣೆಯಲ್ಲಿ ಹೊಗೆ ತುಂಬಿದ್ದರೆ ಅದು ನಮ್ಮದಲ್ಲ. ಜನರನ್ನು ಹೊರಗೆ ಕರೆದುಕೊಂಡು ಬನ್ನಿ, ಬರುವಾಗ ಬಾಗಿಲು ಎಳೆದುಕೊಳ್ಳಿ. ಮುಚ್ಚಿದ ಮಾಮೂಲಿ ಮರದ ಬಾಗಿಲು ಕೂಡ ಬೆಂಕಿ, ಹೊಗೆ ಎರಡನ್ನೂ ಸ್ವಲ್ಪ ಹೊತ್ತು ತಡೆಯುತ್ತದೆ. ಅಷ್ಟರಲ್ಲಿ 112ಕ್ಕೋ 101ಕ್ಕೋ ಯಾರಾದರೂ ಫೋನ್ ಮಾಡಿರಬೇಕು. "ಯಾರಾದರೂ ಮಾಡಿ" ಅಂತ ಕೂಗಿದರೆ ಯಾರೂ ಮಾಡುವುದಿಲ್ಲ, ಇದು ನನ್ನ ಅನುಭವ. ಎಲ್ಲರೂ ವಿಡಿಯೊ ಮಾಡುತ್ತಿರುತ್ತಾರೆ. ಒಬ್ಬರ ಮುಖ ನೋಡಿ, "ನೀಲಿ ಶರ್ಟಿನವರೇ, ನೀವು ಫೋನ್ ಮಾಡಿ, ದೇವಸ್ಥಾನದ ಹಿಂದಿನ ಬೀದಿ ಅಂತ ಹೇಳಿ" ಅನ್ನಿ. ಇನ್ನೊಬ್ಬರನ್ನು ಬೀದಿ ಮೂಲೆಗೆ ಕಳಿಸಿ, ಫೈರ್ ಎಂಜಿನ್‌ಗೆ ದಾರಿ ತೋರಿಸಲಿ. ಅಡ್ಡ ನಿಲ್ಲಿಸಿದ ಬೈಕುಗಳನ್ನೂ ಅವರೇ ತೆಗೆಸಲಿ.

ಬುಟ್ಟಿಯಷ್ಟೇ ಇದ್ದರೆ ಕೈ ಹಾಕಬಹುದು. ಒಬ್ಬರೇ ಹೋಗಬೇಡಿ, ಇಬ್ಬರಿರಲಿ. ಒಬ್ಬರು ಬೆಂಕಿ ನೋಡುತ್ತಾರೆ, ಇನ್ನೊಬ್ಬರು ಬೆಂಕಿ ನೋಡುವವರನ್ನು ನೋಡುತ್ತಾರೆ. ವೈರು ಸುಟ್ಟ ವಾಸನೆ ಇದ್ದರೆ ಮೊದಲು ಮೇನ್ ಸ್ವಿಚ್. ಆ ಸ್ವಿಚ್ ಇರುವ ಗೋಡೆಯೇ ಉರಿಯುತ್ತಿದ್ದರೆ ಅದರ ತಂಟೆಗೆ ಹೋಗಬೇಡಿ.

ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಎಲ್ಲರೂ ನೋಡಿದ್ದೇವೆ, ಹಿಡಿದವರು ಕಮ್ಮಿ. ಹೆಚ್ಚಿನ ಕಡೆ ಇರುವುದು ಹಲವು ಬಗೆಯ ಬೆಂಕಿಗೆ ಆಗುವ ಎಬಿಸಿ ಪುಡಿಯ ಸಿಲಿಂಡರ್. ಗೇಜಿನ ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು. ಪಿನ್ ಎಳೆಯಿರಿ. ಪಿನ್ ಬರಲಿಲ್ಲ ಅಂದರೆ ನೀವು ಹಿಡಿಕೆ ಒತ್ತಿ ಹಿಡಿದಿದ್ದೀರಿ, ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಇದು. ಹಿಡಿಕೆ ಬಿಟ್ಟು ಎಳೆಯಿರಿ. 2-3 ಮೀಟರ್ ದೂರದಲ್ಲಿ ನಿಂತು, ಜ್ವಾಲೆಗಲ್ಲ, ಅದರ ಬುಡಕ್ಕೆ ಗುರಿಯಿಟ್ಟು, ಕಸ ಗುಡಿಸುವ ಹಾಗೆ ಆ ಕಡೆ ಈ ಕಡೆ ಆಡಿಸಿ. ಮನೆ, ಅಂಗಡಿಯಲ್ಲಿ ಇಡುವ ಸಿಲಿಂಡರ್ ಕೆಲವೇ ಸೆಕೆಂಡಿನಲ್ಲಿ ಖಾಲಿ. "ಸ್ವಲ್ಪ ಒತ್ತಿ ಟೆಸ್ಟ್ ಮಾಡಿ ನೋಡಿದ್ದೆ" ಅನ್ನುವವರಿದ್ದಾರೆ. ಒಮ್ಮೆ ಒತ್ತಿದ ಸಿಲಿಂಡರಿನ ಗಾಳಿ ಮೆಲ್ಲಗೆ ಸೋರಿ ಹೋಗುತ್ತದೆ, ಮತ್ತೆ ತುಂಬಿಸಲೇಬೇಕು.

ಇಷ್ಟೆಲ್ಲ ಮಾಡುವಾಗ ನಿಮ್ಮ ಬೆನ್ನು ಬಾಗಿಲ ಕಡೆಗಿರಬೇಕು. ನಿಮಗೂ ಬಾಗಿಲಿಗೂ ನಡುವೆ ಬೆಂಕಿ ಬರಕೂಡದು. ಒಂದು ಸಿಲಿಂಡರಿಗೆ ಬಗ್ಗಲಿಲ್ಲ ಅಂದರೆ ಇನ್ನೊಂದನ್ನು ಹುಡುಕುತ್ತ ಕೂರಬೇಡಿ, ಹೊರಡಿ. ಆರಿದರೂ ಬೆಂಕಿಗೆ ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆ ಹಾಕಿ. ಬೂದಿಯೊಳಗೆ ಕೆಂಡ ಇರುತ್ತದೆ, ಅಲ್ವಾ?

ಗ್ಯಾಸಿನ ಮಾತು ಬೇರೆ. ಅಡಿಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲ ಹಿಡಿದು ಹರಿದು ಮೂಲೆಯಲ್ಲಿ ಕೂರುತ್ತದೆ. ವಾಸನೆ ಬಂದರೆ ಲೈಟು, ಫ್ಯಾನು ಹಾಕುವುದೂ ಬೇಡ, ಆರಿಸುವುದೂ ಬೇಡ. ಕಿಟಕಿ ಬಾಗಿಲು ತೆರೆಯಿರಿ, ರೆಗ್ಯುಲೇಟರ್ ತೆಗೆದು ಸಿಲಿಂಡರಿನ ಜೊತೆ ಬರುವ ಮುಚ್ಚಳ ಹಾಕಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಪೈಪಿನ ತುದಿಯಲ್ಲಿ ಆಗಲೇ ಉರಿಯುತ್ತಿದ್ದು, ರೆಗ್ಯುಲೇಟರ್ ಕೈಗೆ ಸಿಗುವಂತಿದ್ದರೆ ತಿರುಗಿಸಿ ನಿಲ್ಲಿಸಿ. ನಿಲ್ಲಿಸಲು ಆಗುವುದೇ ಇಲ್ಲ ಅನ್ನುವಾಗ ಜ್ವಾಲೆಯನ್ನು ಮಾತ್ರ ಆರಿಸಬೇಡಿ. ವಿಚಿತ್ರ ಅನ್ನಿಸಬಹುದು. ಉರಿಯುವ ಗ್ಯಾಸ್ ಕಣ್ಣಿಗೆ ಕಾಣುತ್ತದೆ. ಆರಿಸಿದರೆ ಅದೇ ಗ್ಯಾಸ್ ಮನೆ ತುಂಬಿಕೊಂಡು ಒಂದು ಕಿಡಿಗೆ ಕಾಯುತ್ತದೆ. ಸಿಲಿಂಡರಿಗೇ ಕಾವು ತಗಲುತ್ತಿದ್ದರೆ ಬೀದಿ ಖಾಲಿ ಮಾಡಿಸಿ.

ಹುಲ್ಲಿನ ಬಣವೆಗೆ ಮೇಲಿಂದ ಎಷ್ಟು ನೀರು ಸುರಿದರೂ ಒಳಗಿನ ಉರಿಗೆ ತಲುಪುವುದಿಲ್ಲ. ಪಕ್ಕದ ಬಣವೆ, ಕೊಟ್ಟಿಗೆಯ ಸೂರು ನೆನೆಸಿ, ದನಗಳ ಹಗ್ಗ ಬಿಚ್ಚಿ.

ಹೊಗೆಯನ್ನು ನಾವು ಲಘುವಾಗಿ ತೆಗೆದುಕೊಳ್ಳುತ್ತೇವೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಬಹುಮಹಡಿ ಕಟ್ಟಡ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಬೆಂಕಿಗಿಂತ ಜಾಸ್ತಿ ಕೊಂದದ್ದು ಹೊಗೆ. ಉಸಿರಾಡಲಾಗದೆ ಮೇಲಿನ ಮಹಡಿಯ ಕಿಟಕಿಗಳಿಂದ ಜನ ಹಾರಿದರು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಕೆಮ್ಮು ಕಮ್ಮಿಯಾದೀತು. ಆದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಗೆ ಒದ್ದೆ ಬಟ್ಟೆ ಲೆಕ್ಕಕ್ಕಿಲ್ಲ. ಬಟ್ಟೆಯ ಧೈರ್ಯದಲ್ಲಿ ಒಳಗೆ ನುಗ್ಗಬೇಡಿ. ಒಳಗೇ ಸಿಕ್ಕಿಕೊಂಡಿದ್ದರೆ ನೆಲಕ್ಕೆ ಬಗ್ಗಿ ತೆವಳಿ. ಮುಚ್ಚಿದ ಬಾಗಿಲು ಎದುರಾದರೆ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಿದ್ದರೆ ತೆರೆಯಬೇಡಿ.

ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಅನ್ನುವ ಹಡಗು ನಿಂತಿತ್ತು. ಒಳಗೆ ಹತ್ತಿಯ ಮೂಟೆ, ಜೊತೆಗೆ ಮದ್ದುಗುಂಡು. ಮಧ್ಯಾಹ್ನ ಹೊಗೆ ಕಂಡಿತು. ಸಂಜೆ 4 ಗಂಟೆ ದಾಟಿದ ಮೇಲೆ ಹಡಗು ಸಿಡಿಯಿತು. 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿಗೇ ಈ ಸಪ್ತಾಹ. ಆ ವಾರ ನಿಮ್ಮೂರಿನ ಠಾಣೆಯವರು ಪ್ರಾತ್ಯಕ್ಷಿಕೆ ಮಾಡುತ್ತಾರೆ. ಹೋಗಿ ದೂರ ನಿಂತು ಚಪ್ಪಾಳೆ ತಟ್ಟಿ ಬರಬೇಡಿ. "ಸಾರ್, ಒಂದ್ಸಲ ನನ್ನ ಕೈಗೆ ಕೊಡಿ" ಅಂತ ಕೇಳಿ ಪಿನ್ ಎಳೆದು ನೋಡಿ.

ಈಗ ಭಟ್ಟರ ಕೈ. ಅವರು ಅಯ್ಯೋ ಅಂದದ್ದೇ ತಡ, ಒಬ್ಬರು ಟೂತ್‌ಪೇಸ್ಟ್ ತಂದರು, ಇನ್ನೊಬ್ಬರು ಇಂಕು. ಅಜ್ಜಿಯೊಬ್ಬರು ತುಪ್ಪದ ಬಟ್ಟಲನ್ನೇ ಹಿಡಿದು ಬಂದರು. ಮೂವರನ್ನೂ ಹಿಂದಕ್ಕೆ ಕಳಿಸಿ, ಭಟ್ಟರ ಉಂಗುರ ಬಿಚ್ಚಿಸಿದೆ. ಊದಿಕೊಂಡ ಮೇಲೆ ಅದು ಬರುವುದಿಲ್ಲ. ಪಾತ್ರೆ ತೊಳೆಯುವ ನಲ್ಲಿಯ ಕೆಳಗೆ ಕೈ ಹಿಡಿಸಿದೆ. ಐಸ್ ಅಲ್ಲ, ಹರಿಯುವ ತಣ್ಣೀರು. 20 ನಿಮಿಷ ಹಿಡಿಯಬೇಕು ಅಂದೆ.

"20 ನಿಮಿಷಾನಾ? ಪಾಯಸ ತಳ ಹಿಡಿಯುತ್ತೆ ಸ್ವಾಮಿ" ಅಂತ ಗೊಣಗಿದರು. ನಾನು ಗಡಿಯಾರ ನೋಡುತ್ತ ಪಕ್ಕದಲ್ಲೇ ನಿಂತೆ. ಬಕೆಟಿನ ಹುಡುಗ ಹೋಗಿ ಪಾಯಸ ಕದಡಿದ. ಆಮೇಲೆ ಶುಭ್ರವಾದ ಪಂಚೆಯ ತುಂಡನ್ನು ಸಡಿಲವಾಗಿ ಸುತ್ತಿ ಭಟ್ಟರನ್ನು ಆಸ್ಪತ್ರೆಗೆ ಕಳಿಸಿದೆವು. ಆ ಮದುವೆಯಲ್ಲಿ ಬೋಂಡಾ ಯಾರಿಗೂ ಸಿಗಲಿಲ್ಲ. ಪಾಯಸ ಮಾತ್ರ ಚೆನ್ನಾಗಿತ್ತು.

ನಮಸ್ಕಾರ.